ಎಲೋರಾಕ್ಕೆ ಮುಕ್ಕಾಲು ಗಂಟೆ

ಕೆನಡಾದ ಕಿಚನರ್‌ಗೆ ಬಂದ ಹೊಸತು. ಕಾರು ಹಳೆಯದು, ರಸ್ತೆಗಳು ಹೊಸವು. ಯಾವುದೋ ತಿರುವಿನಲ್ಲಿ ದಾರಿ ತಪ್ಪಿ ಹೋಗುತ್ತಿದ್ದಾಗ ಒಂದು ಬೋರ್ಡು ಕಂಡಿತು. ‘ಎಲೋರಾ’ ಅಂತ ಬರೆದಿತ್ತು, ಪಕ್ಕದಲ್ಲಿ ಬಾಣ. ನನ್ನ ಕಾಲು ತಾನಾಗಿಯೇ ಬ್ರೇಕ್ ಮೇಲೆ ಹೋಯಿತು. ಹಿಂದಿನ ಕಾರಿನವರು ಹಾರ್ನ್ ಹೊಡೆದರು. ಈ ದೇಶದಲ್ಲಿ ಒಬ್ಬರು ಹಾರ್ನ್ ಹೊಡೆದರು ಅಂದರೆ, ನಮ್ಮಲ್ಲಿ ಗಾಡಿಯಿಂದ ಇಳಿದು ಬಂದು ಬೈದ ಹಾಗೆ.

ನಾನು ಸೇಡಂ ಕಡೆಯವನು. ನಮಗೆ ಎಲ್ಲೋರಾ ಅಂದರೆ ಒಂದು ರಾತ್ರಿಯ ಬಸ್ಸು. ಶಿರಡಿ, ಶನಿ ಶಿಂಗಣಾಪುರ, ದೌಲತಾಬಾದ್ ಕೋಟೆ, ಎಲ್ಲೋರಾ ಎಲ್ಲವನ್ನೂ ಮೂರು ದಿನದಲ್ಲಿ ಮುಗಿಸಿಕೊಂಡು ಬರುವ ಟೂರಿಸ್ಟ್ ಬಸ್ಸು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಮನೆಮಂದಿಯೆಲ್ಲ ಹೋಗಿದ್ದೆವು. ಕೈಲಾಸ ದೇವಾಲಯದ ಮುಂದೆ ನಿಂತು ಗೈಡ್ ವಿವರಿಸುತ್ತಿದ್ದ: ಇದನ್ನು ಕಟ್ಟಿದ್ದಲ್ಲ, ಬೆಟ್ಟವನ್ನು ಮೇಲಿಂದ ಕೆಳಕ್ಕೆ ಕೊರೆಯುತ್ತಾ ಬಂದಿದ್ದಾರೆ, ಹೊರಗಿನಿಂದ ಕಲ್ಲು ತಂದಿಲ್ಲ, ಬೇಡದ ಕಲ್ಲನ್ನು ತೆಗೆದಿದ್ದಾರೆ ಅಷ್ಟೆ. ಎಲ್ಲರೂ ತಲೆ ಮೇಲೆತ್ತಿ ನೋಡಿದರು. ಅವ್ವ ಮಾತ್ರ ನೆಲ ನೋಡುತ್ತಾ ಕೇಳಿದಳು, “ಹಂಗಂದ್ರ ತೆಗೆದ ಕಲ್ಲೆಲ್ಲ ಎಲ್ಲಿ ಹೋಯ್ತು?”

ಗೈಡ್ ನಕ್ಕು ಮುಂದಿನ ಗುಹೆಗೆ ನಡೆದ. ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು.

ಕೆನಡಾದ ಎಲೋರಾಕ್ಕೆ ನಾವು ಹೋಗಿದ್ದು ಆ ಬೋರ್ಡು ನೋಡಿ ನಾಲ್ಕು ವರ್ಷ ಆದಮೇಲೆ. ಹತ್ತಿರ ಇರುವ ಜಾಗಕ್ಕೆ ಯಾರೂ ಬೇಗ ಹೋಗುವುದಿಲ್ಲ ಅಲ್ವಾ? ನಮ್ಮ ಮನೆಯಿಂದ ಮುಕ್ಕಾಲು ಗಂಟೆ. ಇಂಥ ಹೆಸರಿನ ಊರೊಂದು ಇಲ್ಲಿದೆ ಅಂತ ಅವ್ವನಿಗೆ ಹೇಳಬೇಕು ಅಂದುಕೊಂಡಿದ್ದೆ. ಆದರೆ ಫೋನಿನಲ್ಲಿ ನಮ್ಮ ಮಾತು ಯಾವತ್ತೂ ಊಟ, ಚಳಿ, ಮೊಣಕಾಲು ನೋವು ಇವನ್ನು ದಾಟಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ ಹೊರಟೆವು. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು. ದಾರಿಯಲ್ಲಿ ಮೆನೊನೈಟ್ ಅನ್ನುವ, ಹಳೆಯ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದವರ ಕುದುರೆಗಾಡಿಗಳು ರಸ್ತೆಯ ಅಂಚಿನಲ್ಲಿ ಟಕಟಕ ಹೋಗುತ್ತಿದ್ದವು. ಕಪ್ಪು ಗಾಡಿ, ಕಪ್ಪು ಟೋಪಿ. ವೆಸ್ಟ್ ಮಾಂಟ್ರೋಸ್‌ನಲ್ಲಿ 1881ರ ಮರದ ಸೇತುವೆ ಇದೆ. ಮನೆಯ ಹಾಗೆ ಅದಕ್ಕೆ ಸೂರು, ಗೋಡೆ ಎಲ್ಲ ಇವೆ. ಒಂಟಾರಿಯೋದಲ್ಲಿ ಈ ಥರದ್ದು ಉಳಿದಿರುವುದು ಇದೊಂದೇ. ಮಳೆ, ಹಿಮಕ್ಕೆ ಸೇತುವೆಯ ಮರ ಕೊಳೆಯಬಾರದು ಅಂತ ಸೂರು ಹಾಕಿದ್ದು. ಮಗಳಿಗೆ ಅದರ ಮೇಲೆ ಏನೂ ಆಸಕ್ತಿ ಹುಟ್ಟಲಿಲ್ಲ, ಕುದುರೆ ಮಾತ್ರ ಬೇಕಾಗಿತ್ತು.

ಈ ಭಾಗದ ಹೆಸರುಗಳದ್ದೇ ಒಂದು ಕಥೆ. ನಾವಿರುವ ಕಿಚನರ್ ಮೊದಲು ಬರ್ಲಿನ್ ಆಗಿತ್ತು. ಜರ್ಮನ್ ಮೂಲದವರೇ ಜಾಸ್ತಿ ಇದ್ದ ಊರು. ಮೊದಲ ಮಹಾಯುದ್ಧ ಬಂದಾಗ ಆ ಹೆಸರು ಗಂಟಲಿಗೆ ಸಿಕ್ಕಿದ ಮುಳ್ಳಾಯಿತು. 1916ರಲ್ಲಿ ಮತ ಹಾಕಿಸಿ ಬದಲಾಯಿಸಿದರು. ಇಟ್ಟ ಹೆಸರು ಲಾರ್ಡ್ ಕಿಚನರ್‌ನದ್ದು. ಆತ 1902ರಿಂದ 1909ರವರೆಗೆ ಭಾರತದಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥನಾಗಿದ್ದವನು. 1916ರ ಜೂನ್‌ನಲ್ಲಿ ಹಡಗು ಮುಳುಗಿ ಸತ್ತಿದ್ದ. ಹೀಗೆ ನಾನು ಸೇಡಂ ಬಿಟ್ಟು ಸುಮಾರು ಹದಿಮೂರು ಸಾವಿರ ಕಿಲೋಮೀಟರ್ ದೂರ ಬಂದು, ನಮ್ಮ ದೇಶದಲ್ಲಿ ದಂಡು ನಡೆಸಿದವನ ಹೆಸರಿನ ಊರಿನಲ್ಲಿ ಮನೆ ಮಾಡಿದ್ದೇನೆ.

ಎಲೋರಾದ ಹೆಸರು ಬಂದ ದಾರಿ ಇನ್ನೂ ವಿಚಿತ್ರ.

ವಿಲಿಯಂ ಗಿಲ್ಕಿಸನ್ ಅಂತ ಒಬ್ಬ ಸ್ಕಾಟ್ಲೆಂಡಿನ ಕ್ಯಾಪ್ಟನ್. ಅರ್ವಿನ್ ಎಂಬ ಊರಿನವನು. ಯುವಕನಾಗಿದ್ದಾಗ ಇಲ್ಲಿನ ಸರೋವರಗಳಲ್ಲಿ ಹಡಗು ನಡೆಸಿದ್ದ, ಬ್ರಿಟಿಷರಿಗೂ ಅಮೆರಿಕಕ್ಕೂ ನಡೆದ 1812ರ ಯುದ್ಧದಲ್ಲಿ ಬ್ರಿಟಿಷರ ಪರ ಕೆಲಸ ಮಾಡಿದ್ದ. 1832ರಲ್ಲಿ ಗ್ರ್ಯಾಂಡ್ ನದಿಯ ಮೇಲೆ ಸುಮಾರು 14,000 ಎಕರೆ ನೆಲ ಕೊಂಡ. ಅಲ್ಲಿ ಊರು ಕಟ್ಟಿಸಬೇಕು ಅಂತ. ನದಿಗೆ ಬಂದು ಸೇರುವ ಹಳ್ಳಕ್ಕೆ ತನ್ನ ಊರಿನ ಹೆಸರಿಟ್ಟ. ಊರಿಗೆ ತನ್ನ ಅಣ್ಣತಮ್ಮಂದಿರಲ್ಲೊಬ್ಬನ ಹಡಗಿನ ಹೆಸರಿಟ್ಟ. ಆ ಹಡಗಿಗೆ ನಮ್ಮ ಎಲ್ಲೋರಾದ ಹೆಸರಿತ್ತು. ಗುಹೆಯಿಂದ ಹಡಗಿಗೆ, ಹಡಗಿನಿಂದ ಊರಿಗೆ. ದಾರಿಯಲ್ಲಿ ಎಲ್ಲೋ ಒಂದು ‘ಲ’ ನೀರಿಗೆ ಬಿದ್ದಿದೆ. ಇಲ್ಲಿನವರು ‘ಇಲೋರ’ ಅನ್ನುತ್ತಾರೆ.

ಹಡಗಿಗೆ ಯಾಕೆ ಆ ಹೆಸರು? ನನ್ನ ಊಹೆ ಇಷ್ಟು. ಆ ಕಾಲಕ್ಕೆ ಬ್ರಿಟನ್ನಿನಲ್ಲಿ ಎಲ್ಲೋರಾ ಒಂದು ಹೊಸ ಬೆರಗು. ಜೇಮ್ಸ್ ವೇಲ್ಸ್ ಎಂಬ ಸ್ಕಾಟ್ಲೆಂಡಿನವನೇ ಗುಹೆಗಳ ಚಿತ್ರ ಬರೆದಿದ್ದ. ಅವನು ಸತ್ತ ಮೇಲೆ ಥಾಮಸ್ ಡೇನಿಯಲ್ ಅವನ್ನು ಅಚ್ಚು ಹಾಕಿಸಿ 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಹಣವಂತರ ಮನೆಗಳಲ್ಲಿ ಆ ಚಿತ್ರಗಳು ತಿರುವಿದ ಕೈಗಳೇ ಹಡಗುಗಳಿಗೂ ಹೆಸರಿಡುತ್ತಿದ್ದವು. ಹಡಗಿಗೆ ದೂರದ್ದು, ಸೊಗಸಾದದ್ದು ಅನ್ನಿಸುವ ಹೆಸರು ಬೇಕಾಗಿತ್ತು, ಸಿಕ್ಕಿತು.

ಗಿಲ್ಕಿಸನ್ 1833ರಲ್ಲೇ ತೀರಿಕೊಂಡ. ತಾನು ಹೆಸರಿಟ್ಟ ಊರು ಊರಾಗಿದ್ದನ್ನು ಅವನು ನೋಡಲೇ ಇಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. ಕೈಲಾಸವನ್ನು ಕಡಿಸಿದ ಕೀರ್ತಿ 8ನೇ ಶತಮಾನದ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನಿಗೆ ಸಲ್ಲುತ್ತದೆ. ಅವನ ವಂಶದ ಕರ್ಕರಾಜ ಎಂಬವನು 9ನೇ ಶತಮಾನದ ಆರಂಭದಲ್ಲಿ ಕೊಟ್ಟ ತಾಮ್ರಪಟ ಬರೋಡಾದಲ್ಲಿ ಸಿಕ್ಕಿದೆ. ಅದರಲ್ಲಿ ಏಲಾಪುರದ ಬೆಟ್ಟದ ಗುಡಿಯ ಮಾತು ಬರುತ್ತದೆ. ಆಕಾಶದಲ್ಲಿ ಹೋಗುವ ದೇವತೆಗಳು ಅದನ್ನು ನೋಡಿ ಬೆರಗಾದರಂತೆ. ಕಟ್ಟಿದ ಶಿಲ್ಪಿಯೇ ‘ಇದನ್ನು ನಾನು ಹೇಗೆ ಮಾಡಿದೆ’ ಅಂತ ದಿಗಿಲುಬಿದ್ದನಂತೆ. ಅದೇ ರಾಷ್ಟ್ರಕೂಟರ ರಾಜಧಾನಿ ಮುಂದೆ ನೃಪತುಂಗನ ಕಾಲಕ್ಕೆ ಮಾನ್ಯಖೇಟವಾಯಿತು. ಅಂದರೆ ಈಗಿನ ಮಳಖೇಡ. ಸೇಡಂ ತಾಲೂಕಿನದ್ದು. ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂತ ಬರೆಸಿದ ಆಸ್ಥಾನ ಇದ್ದ ಊರು ಅದು. ಕಾಗಿಣಾ ಹೊಳೆಯ ದಂಡೆಯಲ್ಲಿ ಈಗ ಕೋಟೆಯ ಮುರುಕು ಗೋಡೆ, ಒಂದು ಬಸದಿ, ಜಯತೀರ್ಥರ ಬೃಂದಾವನ. ಇವೆಲ್ಲಕ್ಕಿಂತ ಜೋರಾಗಿ ಸಿಮೆಂಟ್ ಫ್ಯಾಕ್ಟರಿಯ ಧೂಳು. ನನ್ನ ಜೊತೆ ಓದಿದವರಿಗೆ ಮಳಖೇಡ ಅಂದರೆ ಮೊದಲು ನೆನಪಾಗುವುದು ಆ ಫ್ಯಾಕ್ಟರಿಯೇ. ನನಗೂ ಹಾಗೇ ಇತ್ತು, ಸುಳ್ಳು ಯಾಕೆ ಹೇಳಲಿ.

ಇರಲಿ, ಊರಿಗೆ ಬರೋಣ.

ಕಾರು ನಿಲ್ಲಿಸಿ ಮೆಟ್‌ಕಾಫ್ ರಸ್ತೆಯಲ್ಲಿ ಇಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಕಲ್ಲು. ಕೆನಡಾದಲ್ಲಿ ಮನೆ ಅಂದರೆ ನಾನು ನೋಡಿದ್ದು ಮರ, ಪ್ಲಾಸ್ಟರ್ ಹಲಗೆ, ಇಟ್ಟಿಗೆಯ ಮುಖವಾಡ. ಗೋಡೆಗೆ ಗುದ್ದಿದರೆ ಡೊಳ್ಳು. ಇಲ್ಲಿ ಹಾಗಲ್ಲ. ಬೂದು ಬಣ್ಣದ, ಅಲ್ಲಲ್ಲಿ ಹಳದಿ ತಿರುಗಿದ, ಕೈಯಿಂದ ಕೆತ್ತಿದ ಸುಣ್ಣದ ಕಲ್ಲಿನ ಗೋಡೆಗಳು. ನಾನು ಒಂದು ಅಂಗಡಿಯ ಮೂಲೆಗೆ ಕೈ ಇಟ್ಟು ನಿಂತುಬಿಟ್ಟೆ. ಹೆಂಡತಿ, “ಏನ್ರಿ, ಜನ ನೋಡ್ತಾರೆ” ಅಂದಳು. ನೋಡಲಿ. ನಮ್ಮ ಕಡೆಯವರಿಗೆ ಇದು ಅರ್ಥವಾಗುತ್ತದೆ. ನಮ್ಮ ಮನೆಯ ನೆಲ ಶಹಾಬಾದಿ ಫರಸಿ, ಕಟ್ಟೆ ಶಹಾಬಾದಿ, ಕೆಲವರ ಮನೆಯ ಮಾಳಿಗೆಯೂ ಶಹಾಬಾದಿ. ಬೇಸಿಗೆ ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಮಲಗಿದವರಿಗೆ ಸುಣ್ಣದ ಕಲ್ಲಿನ ತಂಪು ಯಾವುದೋ ಬೇರೆ ದೇಶದಲ್ಲೂ ಗುರುತು ಸಿಗುತ್ತದೆ.

ವೆಸ್ಟ್ ಮಿಲ್ ರಸ್ತೆ ಅಂತ ಒಂದು ಬೀದಿ. ಹೆಸರಿಗೆ ತಕ್ಕ ಹಾಗೆ ಅದರ ತುದಿಗೆ ಗಿರಣಿ. ಹಿಟ್ಟಿನ ಗಿರಣಿ, ಐದು ಅಂತಸ್ತು, ಪೂರ್ತಿ ಕಲ್ಲಿನದು. ಒಂದು ಗೋಡೆ ನೇರ ನದಿಯೊಳಗಿನಿಂದಲೇ ಎದ್ದಂತಿದೆ. 19ನೇ ಶತಮಾನದಲ್ಲಿ ಇಂಥ ಊರುಗಳು ಹುಟ್ಟಿದ್ದೇ ಹೀಗೆ. ನದಿ ಎಲ್ಲಿ ಧುಮುಕುತ್ತದೋ ಅಲ್ಲಿ ಚಕ್ರ, ಚಕ್ರದ ಪಕ್ಕ ಗಿರಣಿ. ಸುತ್ತಲಿನ ರೈತರು ಗೋಧಿ ತರುವುದು, ಬೀಸಿಸಿಕೊಳ್ಳುವ ಹೊತ್ತಿಗೆ ಲಾಳ ಹಾಕಿಸುವುದು, ಉಪ್ಪು ಕೊಳ್ಳುವುದು, ಸುದ್ದಿ ಕೇಳುವುದು. ಗಿರಣಿಯ ಸುತ್ತ ಬಜಾರು, ಬಜಾರಿನ ಸುತ್ತ ಊರು. ಈಗ ಆ ಗಿರಣಿ ದೊಡ್ಡ ಹೋಟೆಲು. ಒಂದು ರಾತ್ರಿಯ ಬಾಡಿಗೆ ಎಷ್ಟು ಅಂತ ಫೋನಿನಲ್ಲಿ ನೋಡಿದೆ. ನೋಡಿ ಫೋನನ್ನು ಜೇಬಿಗೆ ಹಾಕಿಕೊಂಡೆ.

ಗಿರಣಿಯ ಎದುರು ನದಿ ಎರಡಾಗಿ ಒಡೆದು ಬೀಳುತ್ತದೆ. ನಡುವೆ ಒಂದು ಬಂಡೆ, ತಲೆಯ ಮೇಲೆ ನಾಲ್ಕು ಮರ. ಅದಕ್ಕೆ ‘ಕಾಲದ ಹಲ್ಲು’ ಅನ್ನುವ ಅರ್ಥದ ಹೆಸರಿದೆ. ಹಲ್ಲು ಸವೆದು ಬೀಳಬಾರದು ಅಂತ ಊರಿನವರು ಹಿಂದೆಯೇ ಕಾಂಕ್ರೀಟ್ ತುಂಬಿಸಿದ್ದಾರೆ. ಕಾಲದ ಹಲ್ಲಿಗೇ ಸಿಮೆಂಟ್! ಮಳಖೇಡದವರಿಗೆ ಹೇಳಿದರೆ ಖುಷಿಪಡುತ್ತಾರೆ.

ಊರಿನ ಅಂಗಡಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೋಪು, ಮೇಣದ ಬತ್ತಿ, ಐಸ್‌ಕ್ರೀಮು, ಹಳೆಯ ಸಾಮಾನಿಗೆ ಹೊಸ ರೇಟು. ಟೊರಾಂಟೋದಿಂದ ಬರೀ ನೂರು ಕಿಲೋಮೀಟರ್ ಚಿಲ್ಲರೆ ದೂರ, ಹಾಗಾಗಿ ಭಾನುವಾರ ಜಾತ್ರೆ. ಒಂದು ವಿಷಯ ಮಾತ್ರ ಇಷ್ಟವಾಯಿತು. ಪ್ರತಿ ಬೇಸಿಗೆ ಇಲ್ಲಿ ಸಂಗೀತೋತ್ಸವ ನಡೆಯುತ್ತದೆ. ಅದರ ಕಛೇರಿಗಳು ನಡೆಯುತ್ತಿದ್ದದ್ದು, ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪನ್ನು ತುಂಬಿಡುವ ಕೊಟ್ಟಿಗೆಯಲ್ಲಿ. ಉಪ್ಪು ಖಾಲಿಯಾದ ಮೇಲೆ ಗುಡಿಸಿ, ಕುರ್ಚಿ ಹಾಕಿ, ಹಾಡು.

ಕಮರಿ ಇರುವುದು ಊರಿನ ಬೆನ್ನಿಗೇ. ಅಂಗಡಿಗಳನ್ನು ಬಿಟ್ಟು ಐದು ನಿಮಿಷ ನಡೆದರೆ ಮರಗಳ ನಡುವೆ ನೆಲ ಇದ್ದಕ್ಕಿದ್ದಂತೆ ಮುಗಿಯುತ್ತದೆ. ಕಲ್ಲಿನ ಪಾರಾಪೆಟ್ ಹಿಡಿದು ಬಗ್ಗಿದೆವು. ಕೆಳಗೆ ಇಪ್ಪತ್ತು ಮೀಟರಿಗೂ ಆಳದಲ್ಲಿ ಗ್ರ್ಯಾಂಡ್ ನದಿ, ಚಹಾದ ಬಣ್ಣ. ಎರಡೂ ಕಡೆ ನೆಟ್ಟಗೆ ನಿಂತ ಗೋಡೆ. ಗೋಡೆಯ ಸಂದಿಗಳಲ್ಲಿ ಸೀಡರ್ ಮರಗಳು ಬೇರು ಕಚ್ಚಿಕೊಂಡು ಸೊಟ್ಟಗೆ ಬೆಳೆದಿವೆ. ಬಾಡಿಗೆಗೆ ತಂದ ರಬ್ಬರ್ ಟ್ಯೂಬುಗಳಲ್ಲಿ ಕೂತು ಹುಡುಗರು ಕೂಗುತ್ತಾ ತೇಲಿ ಹೋಗುತ್ತಿದ್ದರು.

ನಾನು ನಿಂತು ನೋಡುತ್ತಾ ಇದ್ದಾಗ ಹೊಳೆದದ್ದು ಇದು. ಈ ಊರಿಗೆ ಎಲ್ಲೋರಾ ಅಂತ ಹೆಸರಿಟ್ಟದ್ದು ಒಂದು ಹಡಗಿನ ದೆಸೆಯಿಂದ, ಆಕಸ್ಮಿಕ. ಆದರೂ ಹೆಸರು ಸರಿಯಾಗಿ ಬಂದು ಕೂತಿದೆ. ಇಲ್ಲೂ ಕಲ್ಲನ್ನು ಮೇಲಿಂದ ಕೆಳಕ್ಕೇ ಕೊರೆದಿದ್ದಾರೆ. ಕೊರೆದದ್ದು ನೀರು. ಹಿಮಯುಗ ಮುಗಿಯುತ್ತಾ ಬಂದಾಗ ಕರಗಿದ ಹಿಮದ ಹೊಳೆ ಈ ಕಲ್ಲನ್ನು ಸೀಳಿಕೊಂಡು ಹೋಯಿತು. ಕಲ್ಲು ಅದಕ್ಕಿಂತ ತುಂಬಾ ಹಳೆಯದು, 40 ಕೋಟಿ ವರ್ಷ ದಾಟಿದ್ದು. ಆಗ ಇಲ್ಲಿ ಬೆಚ್ಚಗಿನ, ಆಳವಿಲ್ಲದ ಸಮುದ್ರ ಇತ್ತು. ಹವಳ, ಚಿಪ್ಪು ಸತ್ತು ಸತ್ತು ಪದರ ಕಟ್ಟಿ ಈ ಗೋಡೆ ಆಗಿದೆ. ಜನವರಿಯಲ್ಲಿ ಮೈನಸ್ ಇಪ್ಪತ್ತು ಆಗುವ ಜಾಗ ಇದು, ನೆನಪಿರಲಿ. ನಮ್ಮ ಶಹಾಬಾದಿ ಇನ್ನೂ ಹಿಂದಿನದು. ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೂ ಮೊದಲಿನ ಸಮುದ್ರದ್ದು ಅನ್ನುತ್ತಾರೆ. ಅದಕ್ಕೇ ನಮ್ಮ ಮನೆಯ ಫರಸಿಯಲ್ಲಿ ಒಂದೂ ಶಂಖದ ಗುರುತು ನಾನು ನೋಡಿಲ್ಲ, ಎಷ್ಟು ಹೊತ್ತು ಅಂಗಾತ ಬೋರಲು ಮಲಗಿದರೂ.

ಅವ್ವನ ಪ್ರಶ್ನೆಗೆ ಇಲ್ಲಿ ಉತ್ತರ ಸುಲಭ. ತೆಗೆದ ಕಲ್ಲು ನೀರಿನ ಜೊತೆ ಹೋಯಿತು. ಮರಳಾಗಿ, ಮಣ್ಣಾಗಿ, ದಕ್ಷಿಣಕ್ಕೆ ಈರಿ ಸರೋವರದ ಕಡೆಗೆ. ಮನುಷ್ಯರು ತೆಗೆದದ್ದು ಗೋಡೆಯಾಯಿತು. ಊರಿನ ಆಚೆ ತುದಿಗೆ ಹಳೆಯ ಖಣಿ ಇದೆ, ಈಗ ನೀರು ತುಂಬಿ ಈಜುವ ಕೊಳ. ನಮ್ಮ ಕಡೆಯ ಖಣಿಗಳ ಹಾಗೇ. ಒಂದೇ ವ್ಯತ್ಯಾಸ, ಇಲ್ಲಿ ಈಜಲು ಆನ್‌ಲೈನಿನಲ್ಲಿ ಬುಕ್ ಮಾಡಬೇಕು. ನಾನು ಮಾಡಿರಲಿಲ್ಲ. ಗೇಟಿನಲ್ಲಿದ್ದ ಕಾಲೇಜು ಹುಡುಗಿ ತುಂಬಾ ನಯವಾಗಿ ವಾಪಸ್ ಕಳಿಸಿದಳು. ಈಜು ಬಟ್ಟೆ ಮೊದಲೇ ಹಾಕಿಕೊಂಡು ಕೂತಿದ್ದ ಮಗಳು ಅರ್ಧ ಗಂಟೆ ನನ್ನ ಹತ್ತಿರ ಮಾತಾಡಲಿಲ್ಲ. ತಪ್ಪು ನನ್ನದೇ. ಖಣಿಯ ನೀರಿಗೆ ಟಿಕೆಟ್ ಇರುತ್ತದೆ ಅಂತ ಸೇಡಂನವನಿಗೆ ಹೇಗೆ ಹೊಳೆಯಬೇಕು?

ಹಳ್ಳ ಬಂದು ನದಿಗೆ ಸೇರುವ ಮೂಲೆಯಲ್ಲಿ ಮುಂದಕ್ಕೆ ಚಾಚಿದ ಒಂದು ಬಂಡೆ ಇದೆ. ‘ಪ್ರೇಮಿಗಳ ಜಿಗಿತ’ ಅನ್ನುತ್ತಾರೆ. ಇಲ್ಲಿನ ಮೂಲನಿವಾಸಿಗಳ ರಾಜಕುಮಾರಿ, ಯುದ್ಧದಲ್ಲಿ ನಲ್ಲ ಸತ್ತ ಸುದ್ದಿ ಕೇಳಿ ಇಲ್ಲಿಂದ ಹಾರಿಕೊಂಡಳಂತೆ. ಇಂಥ ಬಂಡೆ ಅಮೆರಿಕ, ಕೆನಡಾದ ಊರೂರಲ್ಲೂ ಒಂದೊಂದು ಇದೆ. ಎಲ್ಲ ಕಡೆಯೂ ಹಾರುವುದು ರಾಜಕುಮಾರಿಯೇ. ನನಗೆ ಈ ಕಥೆ ಯಾಕೋ ಕಿರಿಕಿರಿ. ಈ ಜನ ಇಲ್ಲಿಂದ ಹೇಗೆ ಇಲ್ಲವಾದರು ಅನ್ನುವ ಕಥೆಗೆ ಬದಲಾಗಿ ಹೇಳುವ ಕಥೆ ಅನ್ನಿಸುತ್ತದೆ.

ಇಲ್ಲಿ ಮೊದಲು ಇದ್ದವರು ಅಟ್ಟಾವಾಂಡರಾನ್ ಜನ. ಅಕ್ಕಪಕ್ಕದವರ ಜಗಳದಲ್ಲಿ ಯಾವ ಕಡೆಗೂ ಸೇರದವರು ಅಂತ ಫ್ರೆಂಚರು ಅವರನ್ನು ‘ತಟಸ್ಥರು’ ಅಂದರು. ತಟಸ್ಥರಾಗಿದ್ದರೂ ಉಳಿಯಲಿಲ್ಲ, 1650ರ ಆಸುಪಾಸಿನ ಯುದ್ಧಗಳಲ್ಲಿ ಚದುರಿ ಹೋದರು. 1880ರಲ್ಲಿ ಈ ಕಮರಿಯ ಒಂದು ಗವಿಯಲ್ಲಿ ಚಿಪ್ಪಿನ ಮಣಿಗಳು ಸಿಕ್ಕವು. ಆ ಕಾಲದಲ್ಲಿ ಇಲ್ಲಿನ ಶಾಲೆಯಲ್ಲಿ ಡೇವಿಡ್ ಬಾಯ್ಲ್ ಎಂಬ ಮೇಷ್ಟ್ರು ಇದ್ದ. ಕಮ್ಮಾರಿಕೆ ಕಲಿತು ಮೇಷ್ಟ್ರಾದವನು, ಆಮೇಲೆ ಒಂಟಾರಿಯೋದ ಹೆಸರಾಂತ ಪುರಾತತ್ವಜ್ಞನಾದ.

ಆಮೇಲಿನದು ಬರವಣಿಗೆಯಲ್ಲೇ ಇದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸಿಕ್ಸ್ ನೇಷನ್ಸ್ ಅನ್ನುವ ಆರು ಮೂಲನಿವಾಸಿ ಜನಾಂಗಗಳ ಕೂಟದ ಬಹಳ ಜನ ಬ್ರಿಟಿಷರ ಪರ ಕಾದಾಡಿ ತಮ್ಮ ನೆಲ ಕಳೆದುಕೊಂಡಿದ್ದರು. ಅದಕ್ಕೆ ಬದಲಾಗಿ 1784ರ ಅಕ್ಟೋಬರ್ 25ರಂದು ಗವರ್ನರ್ ಹಾಲ್ಡಿಮಂಡ್ ಒಂದು ಘೋಷಣೆ ಹೊರಡಿಸಿದ. ಗ್ರ್ಯಾಂಡ್ ನದಿಯ ಬಾಯಿಯಿಂದ ಹುಟ್ಟುವ ಜಾಗದವರೆಗೆ, ಎರಡೂ ದಂಡೆಗೆ ಆರಾರು ಮೈಲಿ ನೆಲ ನಿಮ್ಮದು, ನಿಮ್ಮ ಮಕ್ಕಳು ಮೊಮ್ಮಕ್ಕಳದು, ಎಂದೆಂದಿಗೂ. ಸುಮಾರು 9,50,000 ಎಕರೆ. ಎಲೋರಾ ಇರುವ ನೆಲವೂ ಅದರೊಳಗಿನದೇ. ಆದರೆ ಐವತ್ತು ವರ್ಷ ತುಂಬುವ ಮೊದಲೇ ಅದು ಕೈಯಿಂದ ಕೈಗೆ ಹೋಗಿ ಗಿಲ್ಕಿಸನ್‌ನ 14,000 ಎಕರೆ ಆಗಿತ್ತು. ಇವತ್ತು ಸಿಕ್ಸ್ ನೇಷನ್ಸ್ ಹತ್ತಿರ ಉಳಿದಿರುವುದು ನೂರಕ್ಕೆ ಐದು ಪಾಲಿಗೂ ಕಡಿಮೆ. ಕೆಳಗೆ ಬ್ರಾಂಟ್‌ಫರ್ಡ್ ಹತ್ತಿರ. ಉಳಿದ ನೆಲ, ಅದನ್ನು ಮಾರಿದ ಹಣದ ಲೆಕ್ಕ ಕೊಡಿ ಅಂತ 1995ರಲ್ಲಿ ಅವರು ಕೋರ್ಟಿಗೆ ಹೋದರು. ಗಿಲ್ಕಿಸನ್‌ನ ಮಗ ಜಾಸ್ಪರ್ ದೊಡ್ಡವನಾದ ಮೇಲೆ ಸರ್ಕಾರದ ಪರವಾಗಿ ಅದೇ ಸಿಕ್ಸ್ ನೇಷನ್ಸ್‌ನ ಮೇಲ್ವಿಚಾರಕನಾಗಿ ಕೂತಿದ್ದ.

ಅವ್ವ ಈ ಮಾತು ಕೇಳಿದ್ದರೆ ನೆಲ ನೋಡುತ್ತಾ ಅದೇ ಪ್ರಶ್ನೆ ಕೇಳುತ್ತಿದ್ದಳು.

ಈ ನದಿಗೆ ಮೊಹಾಕ್ ಭಾಷೆಯಲ್ಲಿ ವಿಲ್ಲೋ ಮರಗಳ ಹೊಳೆ ಅನ್ನುವ ಅರ್ಥದ ಹೆಸರಿದೆ. ಗ್ರ್ಯಾಂಡ್ ಅನ್ನುವುದು ಫ್ರೆಂಚರು ಇಟ್ಟದ್ದು. ಬರೀ ‘ದೊಡ್ಡ ಹೊಳೆ’. ದಂಡೆಯಲ್ಲಿ ವಿಲ್ಲೋಗಳು ಈಗಲೂ ಬಾಗಿಕೊಂಡು ನಿಂತಿವೆ.

ಸಂಜೆ ಪಕ್ಕದ ಊರು ಫರ್ಗಸ್ ಕಡೆಗೆ ಒಂದು ಸುತ್ತು ಹೋಗಿ ಬಂದೆವು. ಎರಡು ಊರಿನ ನಡುವೆ ಗುಡ್ಡದ ಮೇಲೆ ದೊಡ್ಡ ಕಲ್ಲಿನ ಕಟ್ಟಡ. ಯಾರೋ ಸಾಹುಕಾರರ ಬಂಗಲೆ ಇರಬೇಕು ಅಂದುಕೊಂಡೆ. ಅಲ್ಲವಂತೆ, 1877ರಲ್ಲಿ ಕಟ್ಟಿದ ಬಡವರ ಮನೆ. ಗತಿಯಿಲ್ಲದ ಮುದುಕರು, ಕಾಯಿಲೆಯವರು, ಮಕ್ಕಳನ್ನು ಹೊತ್ತ ಒಂಟಿ ಹೆಂಗಸರು ಅಲ್ಲಿ ಬಂದು ಸೇರುತ್ತಿದ್ದರು. ಮೈಯಲ್ಲಿ ಶಕ್ತಿ ಇದ್ದವರು ಹೊಲದಲ್ಲಿ, ಅಡುಗೆಮನೆಯಲ್ಲಿ ದುಡಿಯಬೇಕಿತ್ತು. ಈಗ ಅದು ವೆಲ್ಲಿಂಗ್ಟನ್ ಕೌಂಟಿಯ ಮ್ಯೂಸಿಯಂ. ಸುತ್ತಲಿನ ಸಾವಿರಾರು ಎಕರೆ ಹೊಲ ನೋಡುತ್ತಾ, ಇಷ್ಟು ನೆಲ ಸಿಕ್ಕ ಮೇಲೂ ಬಡವರ ಮನೆಗೆ ಇಷ್ಟು ದೊಡ್ಡ ಕಟ್ಟಡ ಬೇಕಾಯಿತಲ್ಲ ಅನ್ನಿಸಿತು.

ವಾಪಸ್ ಎಲೋರಾಕ್ಕೆ ಬಂದಾಗ ಎಂಟೂವರೆ. ಜೂನ್ ಆದ್ದರಿಂದ ಇನ್ನೂ ಬಿಸಿಲಿತ್ತು. ಗಿರಣಿಯ ಕಿಟಕಿಗಳೆಲ್ಲ ಕೆಂಪಗಾಗಿದ್ದವು. ದಿನದ ಜನ ಕರಗಿ, ನೀರಿನ ಸದ್ದು ಊರನ್ನು ಮತ್ತೆ ತುಂಬಿಕೊಂಡಿತ್ತು. ಸೇಡಂನಲ್ಲಿ ಆಗ ಬೆಳಗಿನ ಆರು. ಅವ್ವ ಚಹಾ ಇಟ್ಟಿರುವ ಹೊತ್ತು. ನದಿಯ ಪಕ್ಕದ ಬೆಂಚಿನ ಮೇಲೆ ಕೂತು ಫೋನ್ ಹಚ್ಚಿದೆ.

“ಎಲ್ಲಿದ್ದಿ? ನೀರಿನ ಸಪ್ಪಳ ಕೇಳಸಲತ್ತದ.”

“ಎಲೋರಾಕ್ಕ ಬಂದೀವಿ ಅವ್ವಾ.”

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. ಒಂದು ಕ್ಷಣ ಏನೂ ಇಲ್ಲ.

“ಯಾವಾಗ ಬಂದ್ರಿ? ಒಂದು ಮಾತು ಹೇಳೇ ಇಲ್ಲಲ್ಲ! ಕೂಸೂ ಬಂದದೇನು? ರಾತ್ರಿ ಬಸ್ಸು ಹತ್ತಿದ್ರ ನಾಳಿ ಮುಂಜಾನಿ ಮನಿಗಿ ಬರ್ತೀರಿ. ರೊಟ್ಟಿ ಬಡದು ಇಡ್ತೀನಿ.”

ನನಗೆ ಮಾತು ಹೊರಡಲಿಲ್ಲ. ಮಗಳು ನನ್ನ ಕೈಯಿಂದ ಫೋನ್ ಎಳೆದುಕೊಂಡು, “ಅಜ್ಜಿ, ಇದು ಬೇರೆ ಎಲೋರಾ” ಅಂದಳು.

“ಬ್ಯಾರೆ ಅಂದ್ರ?” ಅವ್ವ ಕೇಳಿದಳು. “ಎಲ್ಲೋರಾ ಇನ್ನೊಂದು ಇರ್ತದೇನು?”